ಸೋರುವ ಡಕ್ಟು ಮತ್ತು ಶೇಕಡ ಮೂವತ್ತರ ಲೆಕ್ಕ

ಬಾವಿಯಿಂದ ತೋಟಕ್ಕೆ ನೀರು ಹಾಯಿಸುವ ಉದ್ದನೆಯ ಪೈಪೊಂದನ್ನು ಊಹಿಸಿಕೊಳ್ಳಿ. ಅದು ಹಳೆಯದಾಗಿ ಅಲ್ಲಲ್ಲಿ ಸೀಳು ಬಿಟ್ಟಿದೆ. ಪಂಪು ಎತ್ತಿ ಕೊಟ್ಟ ನೀರಿನಲ್ಲಿ ಕಾಲು ಭಾಗ ಪೈಪಿನ ಬಾಯಿಯವರೆಗೆ ಬರುವುದೇ ಇಲ್ಲ. ಹಾಗಾದರೆ ಕಾಲು ಭಾಗ ನೀರು ನಷ್ಟವಾಯಿತು ಎನ್ನಬಹುದೆ? ಸೀಳು ರಸ್ತೆ ದಾಟುವ ಕಡೆ ಇದ್ದರೆ ಹೌದು. ತೋಟದ ಒಳಗೇ ಇದ್ದರೆ ಇಲ್ಲ. ನಾವು ಬಯಸಿದ ಗಿಡಕ್ಕಲ್ಲದಿದ್ದರೂ ಇನ್ನೊಂದು ಗಿಡದ ಬುಡಕ್ಕೆ ನೀರು ಬಿದ್ದಿದೆ. ಸೋರಿದ ಪ್ರಮಾಣವೊಂದನ್ನೇ ತಿಳಿದುಕೊಂಡು ನಷ್ಟ ಎಷ್ಟೆಂದು ಹೇಳಲಾಗದು.

ಈ ಸರಳ ಸಂಗತಿಯನ್ನು ಮರೆತು ಓದಲಾಗುವ ಅಂಕಿಯೊಂದನ್ನು ಇಲ್ಲಿ ಪರಿಶೀಲಿಸೋಣ. ಅಮೆರಿಕದಲ್ಲಿ 1992ರಲ್ಲಿ ಆರಂಭವಾದ ಎನರ್ಜಿ ಸ್ಟಾರ್ ಎಂಬ ಸರ್ಕಾರಿ ಕಾರ್ಯಕ್ರಮ ಮನೆಯ ಶಕ್ತಿ ಉಳಿತಾಯದ ಬಗ್ಗೆ ಜನರಿಗೆ ಸಲಹೆ ನೀಡುತ್ತ ಬಂದಿದೆ. ಆ ಸಲಹೆಗಳಲ್ಲಿ ಒಂದು ಹೀಗಿದೆ: ಸಾಮಾನ್ಯ ಮನೆಯೊಂದರಲ್ಲಿ ಡಕ್ಟುಗಳ ಮೂಲಕ ಹರಿಯುವ ಗಾಳಿಯ ಶೇ. 20ರಿಂದ 30 ಭಾಗ ತೂತು, ಬಿರುಕು, ಸಡಿಲ ಜೋಡಣೆಗಳಿಂದಾಗಿ ಸೋರಿಹೋಗುತ್ತದೆ. ಆದ್ದರಿಂದ ಡಕ್ಟುಗಳನ್ನು ಸೀಲು ಮಾಡಿಸಿ. ಸಲಹೆ ಒಳ್ಳೆಯದೇ. ಆದರೆ ಈ ವಾಕ್ಯ ಒಬ್ಬರಿಂದ ಒಬ್ಬರಿಗೆ ದಾಟುವಾಗ ಅದರಲ್ಲಿನ ‘ಗಾಳಿ’ ಎಂಬ ಪದ ಬಿದ್ದುಹೋಗಿ, ಆ ಜಾಗಕ್ಕೆ ‘ಶಕ್ತಿ’ ಅಥವಾ ‘ಬಿಲ್ಲು’ ಎಂಬ ಪದ ಬಂದು ಕೂರುತ್ತದೆ. ಡಕ್ಟು ಸೀಲು ಮಾಡಿದರೆ ಬಿಲ್ಲಿನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆಂದು ಮನೆಯವರು ತಿಳಿಯುತ್ತಾರೆ. ಅಷ್ಟು ಉಳಿಯದಿದ್ದಾಗ ಸೀಲು ಮಾಡುವುದೇ ಮೋಸ ಎನ್ನುತ್ತಾರೆ. ಎರಡೂ ತಪ್ಪು.

ಗಾಳಿ ಸಾಗುವ ದಾರಿ

ನಮ್ಮಲ್ಲಿ ಮನೆಗಳಿಗೆ ಹಾಕಿಸುವ ಏಸಿ ಹೆಚ್ಚಾಗಿ ‘ಸ್ಪ್ಲಿಟ್’ ಮಾದರಿಯದು. ಅದರಲ್ಲಿ ಹೊರಗಿನ ಪೆಟ್ಟಿಗೆಗೂ ಒಳಗಿನ ಪೆಟ್ಟಿಗೆಗೂ ನಡುವೆ ಓಡಾಡುವುದು ಶೀತಕ ದ್ರವ. ಅದು ಹರಿಯುವುದು ಬೆರಳು ಗಾತ್ರದ ತಾಮ್ರದ ಕೊಳವೆಯಲ್ಲಿ. ಕೋಣೆಯ ಗಾಳಿ ಕೋಣೆಯಲ್ಲೇ ತಂಪಾಗುತ್ತದೆ. ಹಾಗಾಗಿ ಡಕ್ಟು ಎಂದೊಡನೆ ನಮಗೆ ನೆನಪಾಗುವುದು ಸಭಾಂಗಣ, ದೊಡ್ಡ ಆಸ್ಪತ್ರೆ ಅಥವಾ ಮಾಲ್‌ಗಳ ಚಾವಣಿಯಲ್ಲಿ ಕಾಣುವ ತಗಡಿನ ಚೌಕಾಕಾರದ ಕೊಳವೆಗಳು.

ಅಮೆರಿಕದಲ್ಲಿ ಬಹಳಷ್ಟು ಮನೆಗಳ ವ್ಯವಸ್ಥೆ ಬೇರೆ. ಇಡೀ ಮನೆಗೆ ಒಂದೇ ಯಂತ್ರ. ಬೇಸಿಗೆಯಲ್ಲಿ ಅದು ಗಾಳಿಯನ್ನು ತಂಪು ಮಾಡುತ್ತದೆ, ಚಳಿಗಾಲದಲ್ಲಿ ಬಿಸಿ ಮಾಡುತ್ತದೆ. ಯಂತ್ರದ ಫ್ಯಾನು ಈ ಗಾಳಿಯನ್ನು ಡಕ್ಟುಗಳ ಮೂಲಕ ಒಂದೊಂದು ಕೋಣೆಗೂ ತಳ್ಳುತ್ತದೆ. ಇವು ಪೂರೈಕೆ ಡಕ್ಟುಗಳು. ಕೋಣೆಗಳ ಗಾಳಿಯನ್ನು ಹೀರಿ ಮತ್ತೆ ಯಂತ್ರಕ್ಕೆ ತರುವ ಬೇರೆ ಡಕ್ಟುಗಳಿವೆ. ಅವನ್ನು ಮರಳು ಡಕ್ಟುಗಳೆನ್ನೋಣ. ಹೃದಯ, ಅಪಧಮನಿ, ಅಭಿಧಮನಿಗಳನ್ನು ನೆನೆದುಕೊಂಡರೆ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಹಿಡಿಯುತ್ತದೆ. ಫ್ಯಾನಿನ ಮುಂದಿನ ಭಾಗದಲ್ಲಿ ಒತ್ತಡ ಹೊರಗಿಗಿಂತ ಹೆಚ್ಚು, ಹಿಂದಿನ ಭಾಗದಲ್ಲಿ ಕಡಿಮೆ. ಪೂರೈಕೆ ಡಕ್ಟಿನಲ್ಲಿ ತೂತಿದ್ದರೆ ಗಾಳಿ ಹೊರಗೆ ಚಿಮ್ಮುತ್ತದೆ. ಮರಳು ಡಕ್ಟಿನಲ್ಲಿ ತೂತಿದ್ದರೆ ಸುತ್ತಲಿನ ಗಾಳಿ ಒಳಗೆ ನುಗ್ಗುತ್ತದೆ. ಮುಂದಿನ ಲೆಕ್ಕ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಈ ಡಕ್ಟುಗಳನ್ನು ಎಲ್ಲಿ ಅಡಗಿಸಿಡುತ್ತಾರೆ? ಉತ್ತರದ ಚಳಿ ನಾಡುಗಳಲ್ಲಿ ಹೆಚ್ಚಾಗಿ ನೆಲಮಾಳಿಗೆಯಲ್ಲಿ. ಟೆಕ್ಸಾಸ್, ಅರಿಜೋನ, ಫ್ಲಾರಿಡಗಳಂಥ ಬಿಸಿ ರಾಜ್ಯಗಳಲ್ಲಿ ನೆಲಮಾಳಿಗೆ ಅಪರೂಪ; ಅಲ್ಲಿ ಡಕ್ಟುಗಳು, ಕೆಲವೊಮ್ಮೆ ಯಂತ್ರವೇ, ಅಟ್ಟಕ್ಕೆ ಏರುತ್ತವೆ. ಆ ಅಟ್ಟ ನಮ್ಮ ಹಳೆಯ ಮನೆಗಳ ಅಟ್ಟದಂತಲ್ಲ. ಉಷ್ಣನಿರೋಧಕ ಹೊದಿಕೆ ಇರುವುದು ಅಟ್ಟದ ನೆಲದ ಮೇಲೆ, ಅಂದರೆ ಕೋಣೆಯ ಚಾವಣಿಯ ಮೇಲೆ. ಅಟ್ಟ ಆ ಹೊದಿಕೆಯಿಂದ ಹೊರಗುಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಅಲ್ಲಿನ ಉಷ್ಣತೆ 50° ಸೆ. ದಾಟುವುದು ಸಾಮಾನ್ಯ. ಮನೆಯ ಅತ್ಯಂತ ತಂಪಾದ ಗಾಳಿಯನ್ನು ಮನೆಯ ಅತ್ಯಂತ ಬಿಸಿಯಾದ ಜಾಗದಲ್ಲಿ ಹಾಯಿಸುವ ಈ ರೂಢಿ ಎಂಜಿನಿಯರಿಂಗಿನ ದೃಷ್ಟಿಯಿಂದ ವಿಚಿತ್ರವೇ. ಕೋಣೆಗಳಲ್ಲಿ ಜಾಗ ಉಳಿಯುತ್ತದೆ, ಕೆಲಸ ಬೇಗ ಮುಗಿಯುತ್ತದೆ ಎಂಬುದಷ್ಟೇ ಅದಕ್ಕಿರುವ ಸಮರ್ಥನೆ.

ಅದೇ ಶೇ. 10, ಮೂರು ಉತ್ತರ

ಒಂದು ಲೆಕ್ಕ ಮಾಡಿ ನೋಡೋಣ. ಶಿಕ್ಷಕರು ಇದನ್ನು ಪಿ.ಯು.ಸಿ. ತರಗತಿಯಲ್ಲಿ ಹಾಗೆಯೇ ಬಳಸಬಹುದು.

ಯಂತ್ರ ಸೆಕೆಂಡಿಗೆ 0.5 ಘನ ಮೀಟರ್ ಗಾಳಿಯನ್ನು ತಳ್ಳುತ್ತದೆ ಎಂದಿರಲಿ. ಕೋಣೆಯ ಉಷ್ಣತೆ 25° ಸೆ., ಯಂತ್ರದಿಂದ ಹೊರಬರುವ ಗಾಳಿಯ ಉಷ್ಣತೆ 13° ಸೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ 1.2 ಕಿ.ಗ್ರಾಂ, ವಿಶಿಷ್ಟೋಷ್ಣ ಕಿ.ಗ್ರಾಂಗೆ ಡಿಗ್ರಿಯೊಂದಕ್ಕೆ ಸುಮಾರು 1,000 ಜೂಲ್. ಡಕ್ಟು ಎಲ್ಲೂ ಸೋರದಿದ್ದರೆ ಮನೆಗೆ ಸಿಗುವ ತಂಪು 0.5 × 1.2 × 1,000 × 12 = 7,200 ವಾಟ್. ಹೊರಗಿನ ಉಷ್ಣತೆ 35°, ಅಟ್ಟದ್ದು 50° ಎಂದು ಇಟ್ಟುಕೊಳ್ಳೋಣ. ಗಾಳಿಯಲ್ಲಿನ ತೇವಾಂಶವನ್ನು ಸದ್ಯಕ್ಕೆ ಬದಿಗಿಡೋಣ.

ಮೊದಲನೆಯ ಸಂದರ್ಭ. ಪೂರೈಕೆ ಡಕ್ಟಿನಿಂದ ಶೇ. 10 ಗಾಳಿ ಅಟ್ಟಕ್ಕೆ ಸೋರುತ್ತದೆ. ಸೆಕೆಂಡಿಗೆ 0.05 ಘನ ಮೀಟರ್ ತಂಪು ಗಾಳಿ ಹೋಯಿತು. ಅದರ ಬೆಲೆ 720 ವಾಟ್. ಲೆಕ್ಕ ಇಲ್ಲಿಗೇ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ಮುಗಿಯಲಿಲ್ಲ. ಯಂತ್ರ ಮನೆಯಿಂದ ಹೀರಿದಷ್ಟು ಗಾಳಿಯನ್ನು ಮನೆಗೆ ಮರಳಿಸಲಿಲ್ಲ. ಮನೆಯೊಳಗೆ ಒತ್ತಡ ಸ್ವಲ್ಪ ಕುಸಿಯುತ್ತದೆ. ಆ ಕೊರತೆಯನ್ನು ತುಂಬಲು ಕಿಟಕಿ ಬಾಗಿಲುಗಳ ಸಂದಿನಿಂದ 35° ಉಷ್ಣತೆಯ ಹೊರಗಾಳಿ ಅಷ್ಟೇ ಪ್ರಮಾಣದಲ್ಲಿ ನುಗ್ಗುತ್ತದೆ. ಅದನ್ನು 25°ಗೆ ಇಳಿಸಲು ಇನ್ನೂ 600 ವಾಟ್. ಒಟ್ಟು 1,320 ವಾಟ್, ಅಂದರೆ ಶೇ. 18.

ಎರಡನೆಯ ಸಂದರ್ಭ. ಸೋರಿಕೆ ಮರಳು ಡಕ್ಟಿನಲ್ಲಿದೆ. ಯಂತ್ರ ಹೀರುವ ಗಾಳಿಯಲ್ಲಿ ಹತ್ತನೇ ಒಂದು ಭಾಗ ಅಟ್ಟದಿಂದ ಬರುತ್ತದೆ. ಕೋಣೆಯ 25° ಗಾಳಿ ಒಂಬತ್ತು ಪಾಲು, ಅಟ್ಟದ 50° ಗಾಳಿ ಒಂದು ಪಾಲು ಬೆರೆತರೆ 27.5° ಆಗುತ್ತದೆ. ಯಂತ್ರ ಎಂದಿನಂತೆ 12° ಇಳಿಸಿದರೂ ಹೊರಬರುವ ಗಾಳಿ 15.5°ಯಲ್ಲಿ ನಿಲ್ಲುತ್ತದೆ. ಕೋಣೆಗೆ ಸಿಗುವ ತಂಪು 5,700 ವಾಟ್ ಮಾತ್ರ. ನಷ್ಟ ಶೇ. 21. ಇಲ್ಲಿ ಒಂದು ಹನಿ ತಂಪು ಗಾಳಿಯೂ ಹೊರಗೆ ‘ಸೋರಿಲ್ಲ’ ಎಂಬುದನ್ನು ಗಮನಿಸಿ. ಕೋಣೆಯ ಜಾಲರಿಯ ಮುಂದೆ ಕೈ ಹಿಡಿದರೆ ಗಾಳಿಯ ರಭಸದಲ್ಲಿ ಕೊರತೆಯೇ ಕಾಣುವುದಿಲ್ಲ.

ಮೂರನೆಯ ಸಂದರ್ಭ. ಡಕ್ಟು ಇರುವುದು ಮನೆಯ ಒಳಗೆ, ಎರಡು ಅಂತಸ್ತುಗಳ ನಡುವೆ. ಅಲ್ಲಿ ಸೋರಿದ ಶೇ. 10 ಗಾಳಿ ಮನೆಯೊಳಗೇ ಉಳಿಯುತ್ತದೆ. ಮಲಗುವ ಕೋಣೆಗೆ ಹೋಗಬೇಕಾದದ್ದು ಹಜಾರಕ್ಕೆ ಹೋಗಿರಬಹುದು, ಅಷ್ಟೆ. ಶಕ್ತಿಯ ನಷ್ಟ ಹೆಚ್ಚುಕಡಿಮೆ ಸೊನ್ನೆ.

ಸೋರಿಕೆ ಮೂರೂ ಕಡೆ ಶೇ. 10. ನಷ್ಟ 18, 21, 0. ಇನ್ನು ಅಟ್ಟದ ಉಷ್ಣತೆ 60° ಆದ ದಿನ ಎರಡನೆಯ ಸಂದರ್ಭದ ನಷ್ಟ ಶೇ. 29ಕ್ಕೆ ಏರುತ್ತದೆ. ಹೊರಗೆ ಸುಡುವಾಗ, ಊರಿನ ಎಲ್ಲ ಯಂತ್ರಗಳೂ ಒಟ್ಟಿಗೆ ಓಡುವಾಗ, ವಿದ್ಯುತ್ ಜಾಲದ ಮೇಲೆ ಹೊರೆ ಅತಿ ಹೆಚ್ಚಿರುವಾಗಲೇ ಡಕ್ಟಿನ ದಕ್ಷತೆ ಅತಿ ಕಡಿಮೆ. ಹೂಸ್ಟನ್ ಅಥವಾ ಮಯಾಮಿಯ ತೇವದ ಗಾಳಿಯಾದರೆ ನೀರಾವಿಯ ಗುಪ್ತೋಷ್ಣವನ್ನೂ ಯಂತ್ರವೇ ತೆಗೆಯಬೇಕು. ನಾವು ಬದಿಗಿಟ್ಟ ಬಾಬ್ತು ಅಲ್ಲಿ ಸಣ್ಣದಲ್ಲ. ಆದ್ದರಿಂದ ಶೇ. 20ರಿಂದ 30 ಎಂಬ ಅಂಕಿಯ ಬಗ್ಗೆ ನನ್ನ ಆಕ್ಷೇಪ ಅದು ದೊಡ್ಡದಾಯಿತು ಎಂದಲ್ಲ. ಅಟ್ಟದಲ್ಲಿ ಮರಳು ಡಕ್ಟು ಹರಿದಿರುವ ಮನೆಗೆ ಅದು ನಷ್ಟವನ್ನು ಕಡಿಮೆ ಮಾಡಿ ತೋರಿಸುತ್ತದೆ. ಡಕ್ಟುಗಳೆಲ್ಲ ಮನೆಯೊಳಗಿರುವವರಿಗೆ ಇಲ್ಲದ ಭಯ ಹುಟ್ಟಿಸುತ್ತದೆ. ‘ಸಾಮಾನ್ಯ ಮನೆ’ ಎಂಬ ಪದದ ಕೆಳಗೆ ಈ ಎರಡೂ ಮನೆಗಳು ಸೇರಿಕೊಂಡಿವೆ.

(ನಮ್ಮ ಲೆಕ್ಕವೂ ಸರಳೀಕರಿಸಿದ್ದೇ. ಅಟ್ಟಕ್ಕೆ ಸೋರಿದ ತಂಪು ಗಾಳಿ ಅಟ್ಟವನ್ನು ಒಂದಿಷ್ಟು ತಣಿಸುತ್ತದೆ. ನೆಲಮಾಳಿಗೆಯಲ್ಲಿ ಸೋರಿದ ಬಿಸಿಯಲ್ಲಿ ಸ್ವಲ್ಪ ಮೇಲಿನ ಕೋಣೆಗೇ ಮರಳುತ್ತದೆ. ಡಕ್ಟಿನ ತಗಡಿನ ಮೂಲಕ ಉಷ್ಣ ಸಾಗುವುದನ್ನೂ ನಾವು ಬಿಟ್ಟಿದ್ದೇವೆ. ಸೀಲು ಮಾಡಿ, ಹೊದಿಕೆ ಸುತ್ತದೆ ಬಿಟ್ಟರೆ ಆ ನಷ್ಟ ಹಾಗೆಯೇ ಉಳಿಯುತ್ತದೆ.)

ಗಾಳಿಯಿಂದ ಬಿಲ್ಲಿಗೆ

ಈಗ ಉಳಿತಾಯದ ಮಾತು. ಡಕ್ಟು ಸೀಲು ಮಾಡಿ, ಹೊದಿಕೆ ಸುತ್ತಿದರೆ ತಾಪನ ಮತ್ತು ತಂಪಿನ ವ್ಯವಸ್ಥೆಯ ದಕ್ಷತೆ ಶೇ. 20ರಷ್ಟರ ‘ವರೆಗೂ’ ಹೆಚ್ಚಬಹುದು ಎಂಬುದು ಅದೇ ಕಾರ್ಯಕ್ರಮದ ಇನ್ನೊಂದು ಮಾತು. ‘ವರೆಗೂ’ ಎಂಬ ಅವ್ಯಯಕ್ಕೆ ವಿಜ್ಞಾನದಲ್ಲಿ ಅರ್ಥವಿದೆ. ಜಾಹೀರಾತಿನಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಡಕ್ಟಿನ ದಕ್ಷತೆ ಮೊದಲು ಶೇ. 80 ಇತ್ತು, ಸೀಲು ಮಾಡಿದ ಮೇಲೆ ಶೇ. 90 ಆಯಿತು ಎನ್ನಿ. ಕೋಣೆಗೆ 100 ಮಾನ ತಂಪು ತಲುಪಿಸಲು ಮೊದಲು ಯಂತ್ರ 125 ಮಾನ ಉತ್ಪಾದಿಸಬೇಕಿತ್ತು, ಈಗ 111 ಸಾಕು. ಉಳಿದದ್ದು 125ರಲ್ಲಿ 14, ಅಂದರೆ ಶೇ. 11. ಅಮೆರಿಕದ ಮನೆಗಳು ಬಳಸುವ ಒಟ್ಟು ಶಕ್ತಿಯಲ್ಲಿ ತಾಪನ ಮತ್ತು ತಂಪಿನ ಪಾಲು ಸುಮಾರು ಅರ್ಧ. ಉಳಿದರ್ಧ ನೀರು ಕಾಯಿಸಲು, ದೀಪಕ್ಕೆ, ಫ್ರಿಜ್ಜಿಗೆ, ಇತರ ಉಪಕರಣಗಳಿಗೆ. ಹಾಗಾದರೆ ಮನೆಯ ಒಟ್ಟು ಬಳಕೆಯಲ್ಲಿ ಉಳಿಯುವುದು ಶೇ. 5ರಿಂದ 6. ಮೂವತ್ತರಿಂದ ಹೊರಟವರು ಆರಕ್ಕೆ ಬಂದು ನಿಂತೆವು. ಎಲ್ಲಿಯೂ ಯಾರೂ ಸುಳ್ಳು ಹೇಳಿಲ್ಲ. ಪ್ರತಿ ಹಂತದಲ್ಲೂ ಶೇಕಡದ ಕೆಳಗಿನ ಛೇದ ಬದಲಾಗಿದೆ. ಮೊದಲಿಗೆ ಛೇದದಲ್ಲಿ ಗಾಳಿ ಇತ್ತು, ಆಮೇಲೆ ಯಂತ್ರದ ಉತ್ಪನ್ನ, ಕೊನೆಗೆ ಇಡೀ ಮನೆಯ ಬಳಕೆ.

ಶೇ. 5 ಅಲಕ್ಷ್ಯ ಮಾಡುವಂಥದ್ದಲ್ಲ. ವರ್ಷ ವರ್ಷವೂ ಸಿಗುವ ಉಳಿತಾಯವದು. ಅದಲ್ಲದೆ, ಯಂತ್ರದಿಂದ ದೂರದ ಕೋಣೆ ಎಂದೂ ತಣ್ಣಗಾಗದ ಮನೆಯಲ್ಲಿ ಡಕ್ಟನ್ನು ದುರಸ್ತಿ ಮಾಡಿದರೆ ಸಿಗುವ ನೆಮ್ಮದಿ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ಮೊದಲು ಆ ಕೋಣೆಗಾಗಿ ಇಡೀ ಮನೆಯನ್ನು ಅತಿಯಾಗಿ ತಣಿಸುತ್ತಿದ್ದವರಿಗೆ ಉಳಿತಾಯ ಇನ್ನೂ ಹೆಚ್ಚಬಹುದು. ಸೆಕೆಯನ್ನು ಸಹಿಸಿಕೊಂಡಿದ್ದವರು ದುರಸ್ತಿಯ ಅನಂತರ ಹಾಯಾಗಿ ಯಂತ್ರ ಓಡಿಸಿ ಅದೇ ಬಿಲ್ಲು ಕಟ್ಟಲೂಬಹುದು. ಪ್ರಯೋಜನ ಇಬ್ಬರಿಗೂ ಆಗಿದೆ, ಅಳತೆ ಒಬ್ಬರದನ್ನು ಮಾತ್ರ ಹಿಡಿಯುತ್ತದೆ.

25 ಪಾಸ್ಕಲ್‌ನ ಪರೀಕ್ಷೆ

ಸೋರಿಕೆಯನ್ನು ಅಳೆಯುವ ವಿಧಾನ ಅಚ್ಚುಕಟ್ಟಾದದ್ದು. ಕೋಣೆಗಳಲ್ಲಿನ ಎಲ್ಲ ಜಾಲರಿಗಳನ್ನೂ ಕಾಗದ ಅಂಟಿಸಿ ಮುಚ್ಚುತ್ತಾರೆ. ಅಳತೆಗೊಳಪಟ್ಟ ಫ್ಯಾನೊಂದನ್ನು ಡಕ್ಟಿಗೆ ಜೋಡಿಸಿ, ಒಳಗಿನ ಒತ್ತಡ ಹೊರಗಿಗಿಂತ 25 ಪಾಸ್ಕಲ್ ಹೆಚ್ಚಾಗುವಂತೆ ಗಾಳಿ ತುಂಬುತ್ತಾರೆ. ಇದು ತೀರ ಸಣ್ಣ ಒತ್ತಡ: ನೀರಿನ ಕಂಬದ ಎತ್ತರದಲ್ಲಿ ಎರಡೂವರೆ ಮಿಲಿಮೀಟರ್, ವಾಯುಮಂಡಲದ ಒತ್ತಡದ ನಾಲ್ಕು ಸಾವಿರದಲ್ಲೊಂದು ಭಾಗ. ಆ ಒತ್ತಡವನ್ನು ಕಾಯ್ದುಕೊಳ್ಳಲು ಫ್ಯಾನು ಎಷ್ಟು ಗಾಳಿ ಒದಗಿಸುತ್ತಿದೆಯೋ ಅಷ್ಟೂ ತೂತುಗಳಿಂದ ಹೋಗುತ್ತಿದೆ ಎಂದು ಅರ್ಥ. ಕ್ಯಾಲಿಫೋರ್ನಿಯದ ಕಟ್ಟಡ ಶಕ್ತಿ ನಿಯಮಗಳು ಹೊಸ ಮನೆಗಳಲ್ಲಿ ಇದು ಒಟ್ಟು ಹರಿವಿನ ಶೇ. 6 ಮೀರಬಾರದೆಂದಿದ್ದವು, ಅನಂತರ ಆ ಮಿತಿಯನ್ನು ಶೇ. 5ಕ್ಕೆ ಇಳಿಸಲಾಯಿತು.

ಆದರೆ ಈ ಪರೀಕ್ಷೆ ಅಳೆಯುವುದು ತೂತಿನ ಗಾತ್ರವನ್ನು. ಯಂತ್ರ ನಿಜವಾಗಿ ಓಡುವಾಗ ಎಷ್ಟು ಸೋರುತ್ತದೆ ಎಂಬುದನ್ನಲ್ಲ. ಡಕ್ಟಿನ ಉದ್ದಕ್ಕೂ ಒತ್ತಡ ಒಂದೇ ಸಮನಾಗಿರುವುದಿಲ್ಲ. ಯಂತ್ರದ ಪಕ್ಕದ ಪೆಟ್ಟಿಗೆಯಲ್ಲಿ 60 ಪಾಸ್ಕಲ್ ಇದ್ದರೆ ಕೋಣೆಯ ಜಾಲರಿಯ ಬಳಿ 5 ಇರಬಹುದು. ಬಿರುಕಿನ ಮೂಲಕ ಹರಿಯುವ ಗಾಳಿ ಒತ್ತಡದ ಸುಮಾರು 0.6 ಘಾತಕ್ಕೆ ಅನುಪಾತದಲ್ಲಿರುತ್ತದೆ. ಲೆಕ್ಕ ಹಾಕಿದರೆ ಒಂದೇ ಗಾತ್ರದ ಎರಡು ತೂತುಗಳಲ್ಲಿ ಯಂತ್ರದ ಬಳಿಯದು ಜಾಲರಿಯ ಬಳಿಯದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ಸೋರುತ್ತದೆ. 25 ಪಾಸ್ಕಲ್‌ನ ಪರೀಕ್ಷೆಗೆ ಎರಡೂ ಒಂದೇ. ಸೀಲು ಮಾಡುವವರು ಕೈಗೆ ಸುಲಭವಾಗಿ ಸಿಗುವ ಜಾಲರಿಯ ಅಂಚುಗಳನ್ನು ಮುಚ್ಚಿ ಅಂಕಿ ಇಳಿಸಿ ತೋರಿಸಬಹುದು. ಅಟ್ಟದ ಮೂಲೆಯಲ್ಲಿ ಯಂತ್ರದ ಪಕ್ಕ ಕಳಚಿಕೊಂಡ ಜೋಡಣೆ ಹಾಗೆಯೇ ಉಳಿದಿರಬಹುದು.

ಸೋರಿದ್ದು ಮನೆಯೊಳಗೋ ಹೊರಗೋ ಎಂಬುದನ್ನು ಬೇರ್ಪಡಿಸಲು ಜಾಣ ಉಪಾಯವೊಂದಿದೆ. ಮುಂಬಾಗಿಲಿಗೆ ಇನ್ನೊಂದು ಫ್ಯಾನು ಕಟ್ಟಿ ಮನೆಯ ಒತ್ತಡವನ್ನೂ 25 ಪಾಸ್ಕಲ್‌ಗೆ ಏರಿಸಿದರೆ, ಡಕ್ಟಿಗೂ ಕೋಣೆಗೂ ನಡುವೆ ಒತ್ತಡದ ವ್ಯತ್ಯಾಸವೇ ಇರುವುದಿಲ್ಲ. ಮನೆಯೊಳಗಿನ ತೂತುಗಳಲ್ಲಿ ಹರಿವು ನಿಲ್ಲುತ್ತದೆ. ಹೊರಗೆ ತೆರೆದ ತೂತುಗಳದು ಮಾತ್ರ ಅಳತೆಗೆ ಸಿಗುತ್ತದೆ. ನಮ್ಮ ಮೂರನೆಯ ಸಂದರ್ಭ ಹೀಗೆ ಲೆಕ್ಕದಿಂದ ಹೊರಬೀಳುತ್ತದೆ. ‘ನಿಮ್ಮ ಡಕ್ಟು ಶೇ. 25 ಸೋರುತ್ತಿದೆ’ ಎಂದು ಹೇಳುವವರನ್ನು ಯಾವ ಪರೀಕ್ಷೆಯಿಂದ ತಿಳಿಯಿತು ಎಂದು ಕೇಳಬೇಕಾದದ್ದು ಇದಕ್ಕೇ.

ಶಾಲೆಯಲ್ಲಿ ಇದನ್ನು ತೋರಿಸಲು ಇಷ್ಟೆಲ್ಲ ಬೇಡ. ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನಿನ ಎರಡೂ ಬದಿಗೆ ರಟ್ಟಿನ ಕೊಳವೆ ಅಂಟಿಸಿ, ಎರಡರಲ್ಲೂ ಪೆನ್ಸಿಲ್ ಗಾತ್ರದ ತೂತು ಮಾಡಿ, ಉರಿಯುವ ಊದುಬತ್ತಿಯನ್ನು ತೂತಿನ ಬಳಿ ಹಿಡಿಯಿರಿ. ಒಂದು ಬದಿಯಲ್ಲಿ ಹೊಗೆ ದೂರ ಸರಿಯುತ್ತದೆ, ಇನ್ನೊಂದು ಬದಿಯಲ್ಲಿ ಒಳಗೆ ಎಳೆದುಕೊಳ್ಳುತ್ತದೆ.

ಹೆಸರಿನಲ್ಲಿ ಮಾತ್ರ ಡಕ್ಟು

ಸೀಲು ಮಾಡುವುದು ಯಾವುದರಿಂದ? ಡಕ್ಟ್ ಟೇಪಿನಿಂದ ಎಂಬುದು ಯಾರಿಗಾದರೂ ಹೊಳೆಯುವ ಉತ್ತರ. ಬೆಳ್ಳಿ ಬಣ್ಣದ, ಬಟ್ಟೆಯ ಬೆನ್ನಿನ, ರಬ್ಬರ್ ಅಂಟಿನ ಈ ಟೇಪಿನ ಮೂಲ ಎರಡನೆಯ ಮಹಾಯುದ್ಧದಲ್ಲಿದೆ. ಇಲಿನಾಯ್ ರಾಜ್ಯದ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವೆಸ್ಟಾ ಸ್ಟೌಟ್ ಎಂಬಾಕೆ, ಪೆಟ್ಟಿಗೆಗಳನ್ನು ಮುಚ್ಚಲು ಗಟ್ಟಿಯಾದ ಬಟ್ಟೆಯ ಟೇಪು ಬೇಕೆಂದು 1943ರಲ್ಲಿ ಅಧ್ಯಕ್ಷ ರೂಸ್‌ವೆಲ್ಟರಿಗೇ ಪತ್ರ ಬರೆದರು. ಹಾಗೆ ಬಂದ ಟೇಪು ಯುದ್ಧ ಮುಗಿದ ಮೇಲೆ ಮನೆಗಳ ಡಕ್ಟಿಗೆ ಏರಿತು, ಅದರ ಹೆಸರನ್ನೂ ಪಡೆಯಿತು. 1970ರಲ್ಲಿ ಅಪೊಲೊ 13ರ ಯಾತ್ರಿಗಳು ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಗಳನ್ನು ಜೋಡಿಸಿಕೊಳ್ಳಲು ನೆಚ್ಚಿದ್ದೂ ಇದನ್ನೇ. ಒಳ್ಳೆಯ ಟೇಪು, ಅನುಮಾನವಿಲ್ಲ.

1998ರಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದ ಮ್ಯಾಕ್ಸ್ ಶೆರ್ಮನ್ ಮತ್ತು ಇಯನ್ ವಾಕರ್ ಡಕ್ಟು ಮುಚ್ಚುವ ಹಲವು ಬಗೆಯ ವಸ್ತುಗಳನ್ನು ಪರೀಕ್ಷೆಗೊಡ್ಡಿದರು. ಜೋಡಣೆಗಳನ್ನು ಒಂದೊಂದು ವಸ್ತುವಿನಿಂದ ಮುಚ್ಚಿ, ಬಿಸಿ ಗಾಳಿ ಮತ್ತು ತಂಪು ಗಾಳಿಯನ್ನು ಸರದಿಯಂತೆ ಹಾಯಿಸುತ್ತ ಹೋದರು. ವರ್ಷಗಳಲ್ಲಿ ಆಗುವ ಸವೆತವನ್ನು ವಾರಗಳಲ್ಲಿ ನೋಡುವ ಪ್ರಯತ್ನ ಇದು. ಬ್ರಷ್ಷಿನಿಂದ ಬಳಿಯುವ ಮ್ಯಾಸ್ಟಿಕ್ ಎಂಬ ಲೇಪ ಉಳಿಯಿತು. ಲೋಹದ ಹಾಳೆಯ ಬೆನ್ನಿನ ಟೇಪು ಉಳಿಯಿತು. ಸೋತದ್ದು ಬಟ್ಟೆಯ ಬೆನ್ನಿನ ಡಕ್ಟ್ ಟೇಪು ಮಾತ್ರ. ಬಿಸಿಗೆ ರಬ್ಬರ್ ಅಂಟು ಒಣಗಿ ಗಡುಸಾಗುತ್ತದೆ, ಬೆನ್ನು ಕುಗ್ಗುತ್ತದೆ, ಟೇಪು ಸುಕ್ಕುಗಟ್ಟಿ ಕಳಚಿಕೊಳ್ಳುತ್ತದೆ.

ಈ ಪ್ರಯೋಗ ಪತ್ರಿಕೆಗಳಲ್ಲಿ ಹಾಸ್ಯದ ವಸ್ತುವಾಗಿ ಬಹಳ ಓಡಾಡಿತು. ಅದಕ್ಕಿಂತ ಮುಖ್ಯವಾದ ಅಂಶ ಬೇರೆ ಇದೆ. ಮಾನದಂಡದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಯು.ಎಲ್. 181 ಮುದ್ರೆ ಪಡೆದ ಡಕ್ಟ್ ಟೇಪುಗಳೂ ಬಾಳಿಕೆಯ ಪರೀಕ್ಷೆಯಲ್ಲಿ ಸೋಲಬಲ್ಲವು ಎಂಬುದು ತಿಳಿದುಬಂತು. ಎಳೆತ, ಅಂಟು, ಬೆಂಕಿ ಹರಡುವಿಕೆ ಇವುಗಳನ್ನು ನೋಡಿ ಕೊಟ್ಟ ಮುದ್ರೆಯನ್ನು ಕೊಳ್ಳುವವರು ಬಾಳಿಕೆಯ ಖಾತರಿ ಎಂದು ಓದಿಕೊಂಡಿದ್ದರು. ಶೇ. 30ರ ವಿಷಯದಲ್ಲಿ ಆದ ತಪ್ಪೇ ಇಲ್ಲಿಯೂ ಆಗಿದೆ: ಅಳೆದದ್ದು ಒಂದು, ಓದಿದ್ದು ಇನ್ನೊಂದು. ಮುಂದೆ ಎ.ಎಸ್.ಟಿ.ಎಂ. ಸಂಸ್ಥೆ ಇಂಥ ವಸ್ತುಗಳ ಬಾಳಿಕೆ ಅಳೆಯಲು ಪ್ರತ್ಯೇಕ ವಿಧಾನವನ್ನೇ ರೂಪಿಸಿತು. ಬಟ್ಟೆಯ ಬೆನ್ನಿನ ಟೇಪನ್ನು ಮ್ಯಾಸ್ಟಿಕ್ ಮತ್ತು ಬಿಗಿಪಟ್ಟಿಗಳ ಜತೆಗಲ್ಲದೆ ಬಳಸಬಾರದೆಂದು ಕ್ಯಾಲಿಫೋರ್ನಿಯದ ನಿಯಮ ಹೇಳುತ್ತದೆ.

ಪ್ರಯೋಗದ ಮಿತಿಯನ್ನೂ ಹೇಳಬೇಕು. ಆರಿಸಿಕೊಂಡ ಜೋಡಣೆ ಕಷ್ಟದ್ದು. ದುಂಡನೆಯ ಕೊಳವೆ ಚಪ್ಪಟೆ ತಗಡಿಗೆ ಸೇರುವ ಜಾಗ. ಅಲ್ಲಿ ಟೇಪು ಮಡಿಚಿಕೊಳ್ಳಬೇಕಾಗುತ್ತದೆ. ನೇರವಾದ ಹೊಲಿಗೆಯ ಮೇಲೆ ಅದೇ ಟೇಪು ಹೆಚ್ಚು ದಿನ ಬಾಳಬಹುದು. ತ್ವರಿತ ಸವೆತದ ಪರೀಕ್ಷೆಯಿಂದ ಯಾವುದು ಮೊದಲು ಸೋಲುತ್ತದೆಂದು ಹೇಳಬಹುದೇ ಹೊರತು ಅಟ್ಟದಲ್ಲಿ ಎಷ್ಟು ವರ್ಷಕ್ಕೆ ಎಂದು ಹೇಳಲಾಗದು. ಆದರೂ ನಿಜವಾದ ಡಕ್ಟಿನಲ್ಲಿ ದುಂಡನೆಯ ಜೋಡಣೆಗಳು ಹೇರಳ. ಕಷ್ಟದ ಜಾಗದಲ್ಲಿ ನಿಲ್ಲದ ಟೇಪಿನಿಂದ ಏನು ಪ್ರಯೋಜನ?

ಅದೇ ಪ್ರಯೋಗಾಲಯದಲ್ಲಿ ಮಾರ್ಕ್ ಮೊಡೆರ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಬೆಳೆಸಿದ ಇನ್ನೊಂದು ವಿಧಾನ ಭೌತವಿಜ್ಞಾನದ ಪಾಠಕ್ಕೆ ಹೇಳಿ ಮಾಡಿಸಿದಂತಿದೆ. ಜಾಲರಿಗಳನ್ನೆಲ್ಲ ಮುಚ್ಚಿ, ಕೆಲವೇ ಮೈಕ್ರಾನ್ ಗಾತ್ರದ ಅಂಟು ಕಣಗಳನ್ನು ಗಾಳಿಯೊಡನೆ ಡಕ್ಟಿನೊಳಗೆ ಊದುತ್ತಾರೆ. ಗಾಳಿಗೆ ಹೊರಹೋಗಲು ತೂತುಗಳಲ್ಲದೆ ಬೇರೆ ದಾರಿಯಿಲ್ಲ. ತೂತಿನ ಬಳಿ ಗಾಳಿ ಥಟ್ಟನೆ ತಿರುಗುತ್ತದೆ. ಕಣಗಳು ಜಡತ್ವದಿಂದಾಗಿ ಅಷ್ಟು ಬೇಗ ತಿರುಗಲಾರದೆ ತೂತಿನ ಅಂಚಿಗೆ ಬಡಿದು ಅಂಟಿಕೊಳ್ಳುತ್ತವೆ. ಕಣದ ಮೇಲೆ ಕಣ ಕೂತು ಅಂಚು ಬೆಳೆದು ತೂತು ಮುಚ್ಚುತ್ತದೆ. ಡಕ್ಟಿನ ಗೋಡೆಗೆ ಬಹುಪಾಲು ಅಂಟುವುದಿಲ್ಲ. ಗೋಡೆಯೊಳಗೆ ಹೂತುಹೋದ ಡಕ್ಟಿಗೂ ಇದು ತಲುಪುತ್ತದೆ ಎಂಬುದು ಇದರ ಹೆಚ್ಚುಗಾರಿಕೆ. ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಬಿರುಕನ್ನು, ಕಳಚಿಬಿದ್ದ ಜೋಡಣೆಯನ್ನು ಇದು ಮುಚ್ಚಲಾರದು. ಅಲ್ಲಿ ಕೈಯಲ್ಲಿ ಮ್ಯಾಸ್ಟಿಕ್ ಹಿಡಿದು ಅಟ್ಟ ಹತ್ತಲೇಬೇಕು.

ಆರೋಗ್ಯದ ಮಾತು

ಸೀಲು ಮಾಡಿದರೆ ಮನೆಯ ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನು ಎರಡು ತುಂಡು ಮಾಡಿ ನೋಡಬೇಕು. ಮರಳು ಡಕ್ಟಿನ ತೂತು ಅಟ್ಟದ ಧೂಳನ್ನು, ಗ್ಯಾರೇಜಿನ ಪೆಟ್ರೋಲ್ ಆವಿಯನ್ನು, ನೆಲದಡಿಯ ಬೂಷ್ಟನ್ನು ಹೀರಿ ಕೋಣೆಗಳಿಗೆ ಹಂಚುತ್ತದೆ ಎಂಬುದು ನಿಜ. ಅದನ್ನು ಮುಚ್ಚಿದರೆ ಆ ದಾರಿ ಮುಚ್ಚುತ್ತದೆ. ಇದಕ್ಕಿಂತ ಗಂಭೀರವಾದದ್ದು ಒತ್ತಡದ ವಿಷಯ. ಅನಿಲದಿಂದ ನೀರು ಕಾಯಿಸುವ ಹಳೆಯ ಮಾದರಿಯ ಒಲೆಯ ಹೊಗೆ ಮೇಲೇರುವುದು ಕೆಲವೇ ಪಾಸ್ಕಲ್‌ಗಳ ಸೆಳೆತದಿಂದ. ಅದೇ ಕಿರುಕೋಣೆಯಲ್ಲಿ ಮರಳು ಡಕ್ಟು ಸೋರುತ್ತಿದ್ದರೆ ಆ ಕೋಣೆಯ ಒತ್ತಡ ಅಷ್ಟೇ ಪಾಸ್ಕಲ್ ಕುಸಿದು ಹೊಗೆ ಹಿಂದಕ್ಕೆ ಬರಬಹುದು. ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇದ್ದರೆ ಪ್ರಾಣಾಪಾಯ. ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲವದು. ಡಕ್ಟು ಸೀಲು ಮಾಡುವುದರ ಪರವಾಗಿ ಹೇಳಬಹುದಾದ ಅತಿ ಬಲವಾದ ಕಾರಣ ನನ್ನ ದೃಷ್ಟಿಯಲ್ಲಿ ಇದೇ. ಜಾಹೀರಾತುಗಳಲ್ಲಿ ಬಿಲ್ಲಿನ ಮಾತಿನ ಹಿಂದೆ ಸರಿದಿರುವುದೂ ಇದೇ.

ಇನ್ನೊಂದು ತುಂಡು ಡಕ್ಟಿನ ಒಳಮೈ ಶುಚಿ ಮಾಡಿಸುವುದು. ಸೀಲು ಮಾಡುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಆದರೆ ಒಂದೇ ಉಸಿರಿನಲ್ಲಿ ಮಾರಲಾಗುತ್ತದೆ. ಡಕ್ಟು ಶುಚಿ ಮಾಡುವುದರಿಂದ ಆರೋಗ್ಯದ ತೊಂದರೆಗಳು ತಪ್ಪುತ್ತವೆಂದು ಸಾಬೀತಾಗಿಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ತನ್ನ ಮಾರ್ಗದರ್ಶಿಯಲ್ಲಿ ಹೇಳಿದೆ. ಬೂಷ್ಟು ಕಣ್ಣಿಗೆ ಕಾಣುವಂತೆ ಬೆಳೆದಿದ್ದರೆ, ಇಲಿ ಹುಳು ಸೇರಿದ್ದರೆ, ಧೂಳು ಕಟ್ಟಿಕೊಂಡು ಕೋಣೆಗೆ ಉದುರುತ್ತಿದ್ದರೆ ಶುಚಿ ಮಾಡಿಸಬೇಕು, ಅಷ್ಟೆ.

ಸೀಲು ಮಾಡಿದ ಮೇಲೂ ಎರಡು ಕೆಲಸ ಉಳಿಯುತ್ತವೆ. ಮನೆಯ ಒತ್ತಡದ ಸಮತೋಲ ಬದಲಾಗಿರುವುದರಿಂದ ಒಲೆಯ ಹೊಗೆ ಸರಿಯಾಗಿ ಮೇಲೇರುತ್ತಿದೆಯೇ ಎಂದು ಮತ್ತೆ ನೋಡಬೇಕು. ಯಂತ್ರದ ಮೂಲಕ ಹಾಯುವ ಗಾಳಿಯ ಪ್ರಮಾಣವನ್ನೂ ಅಳೆಯಬೇಕು. ಮರಳು ಡಕ್ಟು ಮೊದಲೇ ಕಿರಿದಾಗಿದ್ದ ಮನೆಯಲ್ಲಿ ಆ ತೂತುಗಳೇ ಯಂತ್ರಕ್ಕೆ ಬೇಕಾದ ಗಾಳಿಯ ಒಂದು ಪಾಲನ್ನು ಒದಗಿಸುತ್ತಿರುತ್ತವೆ. ಅವನ್ನು ಮುಚ್ಚಿದಾಗ ಫ್ಯಾನಿನ ಮೇಲೆ ಪ್ರತಿರೋಧ ಹೆಚ್ಚಿ, ಗಾಳಿ ಕಡಿಮೆಯಾಗಿ, ತಂಪು ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಬಹುದು. ಆಗ ಬೇಕಾದದ್ದು ಇನ್ನೊಂದು ಮರಳು ಡಕ್ಟು. ಹೊಸ ಮನೆ ಕಟ್ಟುವವರಿಗಾದರೆ ಈ ತಾಪತ್ರಯವೇ ಬೇಡ: ಡಕ್ಟುಗಳನ್ನು ಉಷ್ಣನಿರೋಧಕ ಹೊದಿಕೆಯ ಒಳಗೆ, ಕೋಣೆಗಳ ತಗ್ಗು ಚಾವಣಿಯಲ್ಲಿ ಹಾಯಿಸಿದರೆ ಮೂರನೆಯ ಸಂದರ್ಭದ ಸೊನ್ನೆ ನಕ್ಷೆಯ ಹಂತದಲ್ಲೇ ಸಿಗುತ್ತದೆ.